ಮೈಕಿಲ್ಲದೆ ಕೇಳಿಸಿದ ಕಂಠ

ಪ್ರಶ್ನೆ: ಅನುಭವಿ ಒಪೆರಾ (ವಾದ್ಯವೃಂದದೊಡನೆ ಹಾಡಿ ಅಭಿನಯಿಸುವ ಪಾಶ್ಚಾತ್ಯ ಸಂಗೀತನಾಟಕ) ಗಾಯಕರೊಬ್ಬರು ಪಿಯಾನೋದೊಡನೆ ಬೆಂಗಳೂರಿನಲ್ಲಿ ನಡೆಸಿಕೊಟ್ಟ ಕಛೇರಿಗೆ ಹೋಗಿದ್ದೆ. ಮೈಕ್ ಇರಲಿಲ್ಲ, ಆದರೂ ಕೊನೆಯ ಸಾಲಿನಲ್ಲಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. ಇದು ಹೇಗೆ? ಅವರಿಗೆ ಶ್ರುತಿಗೆ ತಂಬೂರಿ ಏಕೆ ಬೇಡ?
– ಓದುಗರೊಬ್ಬರು, ತುಮಕೂರು

ಉತ್ತರ: ಅದು ಗಂಟಲು ಹರಿಯುವಂತೆ ಕೂಗಿದ್ದರ ಫಲವಲ್ಲ. ಪಳಗಿದ ಒಪೆರಾ ಗಾಯಕರು, ವಿಶೇಷವಾಗಿ ಪುರುಷರು, ಧ್ವನಿಪೆಟ್ಟಿಗೆಯನ್ನು ತುಸು ಕೆಳಗಿಳಿಸಿ, ಅದರ ಮೇಲಿನ ಗಂಟಲನ್ನು ಅಗಲಿಸಿಕೊಂಡು ಹಾಡುವುದರಿಂದ ಸುಮಾರು 3000 ಹರ್ಟ್ಸ್ ಆಸುಪಾಸಿನ ಉಪಸ್ವರಗಳು (ಮೂಲಸ್ವರದ ಜೊತೆಗೇ ಹುಟ್ಟುವ ಮೇಲಿನ ಸ್ವರಗಳು) ಒಟ್ಟುಗೂಡಿ ಬಲಗೊಳ್ಳುತ್ತವೆ. ನಮ್ಮ ಕಿವಿ ಬಹಳ ಚುರುಕಾಗಿರುವುದೂ, ವಾದ್ಯವೃಂದದ ಸದ್ದು ತಗ್ಗಿರುವುದೂ ಅದೇ ಭಾಗದಲ್ಲಿ. ಪಿಯಾನೋದ ಮುಚ್ಚಳವನ್ನು ಕೆಲವೊಮ್ಮೆ ಗಿಡ್ಡ ಕಡ್ಡಿಯ ಮೇಲೆ ಅರೆತೆರೆದು ನಿಲ್ಲಿಸುವುದೂ ಕಂಠ ಮುಳುಗದಿರಲೆಂದೇ. (ಸಣ್ಣ ಸಭಾಂಗಣಕ್ಕೂ ಆಳೆತ್ತರದ ಸ್ಪೀಕರ್ ಇಡುವ ನಮ್ಮ ಸಂಘಟಕರು ಇಂಥದ್ದನ್ನು ಒಮ್ಮೆಯಾದರೂ ಕೇಳಬೇಕು.)

ಇನ್ನು ತಂಬೂರಿ. ನಮ್ಮಲ್ಲಿ ಆಧಾರ ಷಡ್ಜ ಕಛೇರಿಯುದ್ದಕ್ಕೂ ಕದಲುವುದಿಲ್ಲ. ಅಲ್ಲಿ ಪಿಯಾನೋ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು ಬದಲಾಗುತ್ತಲೇ ಇರುತ್ತವೆ, ಒಂದೇ ಹಾಡಿನ ನಡುವೆ ಆಧಾರಸ್ವರವೇ ಬೇರೆಡೆಗೆ ಸರಿಯುವುದೂ ಉಂಟು. ಆದ್ದರಿಂದ ಒಂದೇ ಕಡೆ ನಿಂತ ಶ್ರುತಿ ಅಲ್ಲಿ ಅಪಸ್ವರವಾಗುತ್ತದೆ. 88 ಕೀಗಳ ಆ ಪಿಯಾನೋವೇ ಗಾಯಕರಿಗೆ ಶ್ರುತಿಯೂ ಹೌದು, ಪಕ್ಕವಾದ್ಯವೂ ಹೌದು, ಒಪೆರಾದ ಭಾಗಗಳನ್ನು ಹಾಡುವಾಗ ಇಡೀ ವಾದ್ಯವೃಂದವೂ ಹೌದು.