ಕೇಸ್ ಶೀಟ್ ಓದಲು ಬರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ಈಗ ಮೆಡಿಸಿನ್ ವಾರ್ಡ್‌ನಲ್ಲಿ ಪೋಸ್ಟಿಂಗ್. ರೋಗಿಯ ಕೇಸ್ ಶೀಟ್ ತೆರೆದರೆ ಅರ್ಧಕ್ಕರ್ಧ ಅರ್ಥವೇ ಆಗುವುದಿಲ್ಲ. ಕೈಬರಹ ಒಂದು ಕಡೆ, ಎರಡು-ಮೂರು ಅಕ್ಷರದ ಪದಗಳು ಇನ್ನೊಂದು ಕಡೆ. ಕೇಳಿದರೆ ‘ಇಷ್ಟೂ ಗೊತ್ತಿಲ್ವಾ’ ಅಂತಾರೆ. ಏನು ಮಾಡಲಿ ಮೇಡಂ?
– ಓರ್ವ ವಿದ್ಯಾರ್ಥಿನಿ, ಹಾಸನ

ಉತ್ತರ: ನಾಚಿಕೆ ಬೇಡ. ಆ ಹಾಳೆಗಳನ್ನು ರೌಂಡ್ಸ್ ಅವಸರದಲ್ಲಿ, ಆ ವಾರ್ಡನ್ನು ಬಲ್ಲವರಿಗಾಗಿ ಬರೆದಿರುತ್ತಾರೆ. ಜಾಗ ಬದಲಾದರೆ ಅದೇ ಅಕ್ಷರಗಳ ಅರ್ಥವೂ ಬದಲಾಗುತ್ತದೆ. ಮೆಡಿಸಿನ್ ವಾರ್ಡ್‌ನಲ್ಲಿ ‘ಓಡಿ’ (OD) ಅಂದರೆ ದಿನಕ್ಕೊಂದು ಸಲ, ಕಣ್ಣಿನ ವಾರ್ಡ್‌ನಲ್ಲಿ ಬಲಗಣ್ಣು. ಕ್ಯಾಶುವಾಲ್ಟಿಯಲ್ಲಿ ‘ಆರ್‌ಟಿಎ’ ರಸ್ತೆ ಅಪಘಾತ, ಕಿಡ್ನಿ ವಿಭಾಗದಲ್ಲಿ ಒಂದು ಕಾಯಿಲೆ. ಹಾಗಾಗಿ ಸುಮ್ನೆ ಒಂದು ಪಟ್ಟಿ ಬಾಯಿಪಾಠ ಮಾಡಿದರೆ ಸಾಲದು. ಸಣ್ಣ ನೋಟ್‌ಬುಕ್ಕಿನಲ್ಲಿ ವಾರ್ಡ್‌ಗೆ ಒಂದೊಂದು ಪುಟ ಇಟ್ಟು ಬರೆದುಕೊಳ್ಳಿ.

ನನಗೆ ಜಾಸ್ತಿ ಭಯವಿರುವುದು ಊಹೆಯ ಬಗ್ಗೆ. ಇನ್ಸುಲಿನ್ 4 ಯೂನಿಟ್ ಅನ್ನುವಲ್ಲಿ, 4ರ ಪಕ್ಕ ಇಂಗ್ಲಿಷಿನ ‘ಯು’ ಅಕ್ಷರವನ್ನಷ್ಟೇ ಗೀಚಿದರೆ ಅದು ಸೊನ್ನೆಯಂತೆ ಕಾಣುತ್ತದೆ. 4 ಹೋಗಿ 40 ಆಗುತ್ತದೆ. ಹತ್ತು ಪಟ್ಟು ಡೋಸ್! ಸಕ್ಕರೆ ಕುಸಿದು ಜೀವಕ್ಕೇ ಕುತ್ತು ಬರಬಹುದು. 1.0ರಲ್ಲಿ ಚುಕ್ಕೆ ಮಸುಕಾದರೂ ಅಷ್ಟೇ, 10 ಎಂದು ಓದಿಬಿಡುತ್ತೇವೆ. ವೈದ್ಯರು ಔಷಧಿಯ ಜೆನೆರಿಕ್ ಹೆಸರನ್ನು (ಕಂಪನಿಯ ಬ್ರ್ಯಾಂಡ್ ಅಲ್ಲ, ಔಷಧಿಯ ಮೂಲ ಹೆಸರು) ಓದಲು ಬರುವಂತೆ, ಆದಷ್ಟು ದೊಡ್ಡಕ್ಷರದಲ್ಲಿ ಬರೆಯಬೇಕೆಂದು 2016ರಲ್ಲಿ ವೈದ್ಯಕೀಯ ಮಂಡಳಿಯೇ ನಿಯಮ ಮಾಡಿತು. ಅಂದಮೇಲೆ ಬರಹ ಅರ್ಥವಾಗಲಿಲ್ಲ ಅನ್ನುವುದು ನಿಮ್ಮ ದಡ್ಡತನವಲ್ಲ. ಅನುಮಾನ ಬಂದರೆ ಔಷಧಿ ಮುಟ್ಟಬೇಡಿ, ಮೊದಲು ಕೇಳಿ.

ಕೇಳುವ ರೀತಿಯೂ ಮುಖ್ಯ. ‘ಇದೇನು’ ಅನ್ನುವ ಬದಲು ‘ಇದನ್ನು ಹೀಗೆ ಓದಿದೆ ಸಿಸ್ಟರ್, ಸರಿನಾ?’ ಅನ್ನಿ. ನೀವು ಪ್ರಯತ್ನಪಟ್ಟಿದ್ದೀರಿ ಅಂತ ಅವರಿಗೂ ಗೊತ್ತಾಗುತ್ತದೆ. ಡ್ಯೂಟಿ ಬದಲಾಗುವ ಗಡಿಬಿಡಿಯಲ್ಲಿ ಬೇಡ. ಆದರೆ ಔಷಧಿಯ ಅನುಮಾನಕ್ಕೆ ಹೊತ್ತುಗೊತ್ತು ನೋಡಬೇಡಿ.

ಇನ್ನು ಓದುವ ಕ್ರಮ. ಮೊದಲ ಪುಟದಿಂದ ಸಾಲು ಸಾಲಾಗಿ ಹೋದರೆ ಕಳೆದುಹೋಗುತ್ತೀರಿ. ಅಡ್ಮಿಷನ್ ದಿನದ ಬರಹ ಓದಿ, ರೋಗಿ ಯಾಕೆ ಬಂದರು ಅನ್ನುವುದು ಅಲ್ಲಿರುತ್ತದೆ. ಆಮೇಲೆ ನೇರ ಇವತ್ತಿನ ಔಷಧಿ ಚಾರ್ಟ್‌ಗೆ ಬನ್ನಿ. ಒಂದೊಂದು ಔಷಧಿಗೂ ‘ಇದು ಯಾಕೆ’ ಎಂದು ಕೇಳಿಕೊಳ್ಳಿ. ಇನ್ಸುಲಿನ್ ಇದೆ, ಸಕ್ಕರೆ ಕಾಯಿಲೆಯ ಮಾತೇ ಕಂಡಿಲ್ಲ ಅಂದರೆ ನಡುವೆ ಏನೋ ಓದಲು ಬಿಟ್ಟಿದ್ದೀರಿ. ಆಗ ಹಿಂದಿನ ಪುಟ ಹುಡುಕಿ. ಲ್ಯಾಬ್ ರಿಪೋರ್ಟ್ ಕೊನೆಗೆ ಸಾಕು.

ನಂತರ ರೋಗಿಯ ಹತ್ತಿರ ಹೋಗಿ ಮಾತಾಡಿಸಿ. ಶೀಟ್‌ನಲ್ಲಿ ‘ಎನ್‌ಬಿಎಂ’, ಅಂದರೆ ಬಾಯಿಗೆ ಏನೂ ಕೊಡಬಾರದು ಅಂತಿದೆ, ಅಜ್ಜಿ ಇಡ್ಲಿ ತಿನ್ನುತ್ತಿದ್ದಾರೆ ಅನ್ನಿ. ಒಂದೋ ಅದು ಹಳೆಯ ಆರ್ಡರ್, ಇಲ್ಲವೇ ಮನೆಯವರಿಗೆ ಯಾರೂ ಹೇಳಿಲ್ಲ. ಎರಡರಲ್ಲಿ ಯಾವುದಾದರೂ ತಕ್ಷಣ ಸಿಸ್ಟರ್‌ಗೆ ತಿಳಿಸಬೇಕು.

ಅರ್ಥವಾಗದ ಪುಟದ ಫೋಟೊ ತೆಗೆದು ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕುವುದನ್ನು ಮಾತ್ರ ಖಂಡಿತ ಮಾಡಬೇಡಿ. ನಿಮ್ಮ ನೋಟ್‌ಬುಕ್ಕಿನಲ್ಲೂ ರೋಗಿಯ ಹೆಸರು, ಐಪಿ ನಂಬರ್ (ಒಳರೋಗಿ ಸಂಖ್ಯೆ) ಬೇಡ. ವಯಸ್ಸು ಮತ್ತು ಕಾಯಿಲೆ ಬರೆದುಕೊಂಡರೆ ಸಾಕು.