ಕಾರ್ನ್‌ವಾಲ್ ರಾಯಲ್ಸ್ ಊರು ಬಿಟ್ಟಿದ್ದೇಕೆ?

ಪ್ರಶ್ನೆ: ನನ್ನ ಮಗಳ ಕುಟುಂಬ ಕೆನಡಾದ ಒಂಟಾರಿಯೊ ಪ್ರಾಂತ್ಯದ ಕಾರ್ನ್‌ವಾಲ್‌ನಲ್ಲಿದೆ. ನಾವು ಹೋಗಿದ್ದಾಗ ನೆರೆಮನೆಯ ಹಿರಿಯರು ‘ರಾಯಲ್ಸ್’ ಎಂಬ ಜೂನಿಯರ್ ಐಸ್ ಹಾಕಿ ತಂಡದ ಮಾತೆತ್ತಿದರೆ ಭಾವುಕರಾಗುತ್ತಿದ್ದರು. ಹುಡುಗರ ತಂಡಕ್ಕೆ ಇಷ್ಟೊಂದು ಮಹತ್ವವೇ? ಅಷ್ಟು ದೊಡ್ಡ ತಂಡವಾಗಿದ್ದರೆ ಈಗೇಕಿಲ್ಲ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಆ ಹಿರಿಯರು ಭಾವುಕರಾಗುವುದರಲ್ಲಿ ನ್ಯಾಯವಿದೆ. ಸೇಂಟ್ ಲಾರೆನ್ಸ್ ನದಿಯ ದಡದಲ್ಲಿ, ಹತ್ತಿ ಗಿರಣಿ ಮತ್ತು ಕಾಗದದ ಕಾರ್ಖಾನೆಗಳನ್ನು ನಂಬಿ ಬೆಳೆದ, ಐವತ್ತು ಸಾವಿರ ಜನರೂ ಇಲ್ಲದ ಊರು ಅದು. ಅದರ ತಂಡ 1972, 1980 ಮತ್ತು 1981ರಲ್ಲಿ ಮೆಮೋರಿಯಲ್ ಕಪ್ ಗೆದ್ದಿತು. ಮೊದಲ ಮಹಾಯುದ್ಧದಲ್ಲಿ ಮಡಿದ ಕೆನಡಾದ ಸೈನಿಕರ ನೆನಪಿಗೆ 1919ರಲ್ಲಿ ಆರಂಭವಾದ ಈ ಕಪ್‌ಗಿಂತ ದೊಡ್ಡದು ಜೂನಿಯರ್ ಹಾಕಿಯಲ್ಲಿ ಇಲ್ಲ.

‘ಹುಡುಗರ ತಂಡ’ ಎಂದಿರಿ. ಹೆಚ್ಚುಕಡಿಮೆ ಹದಿನಾರರಿಂದ ಇಪ್ಪತ್ತರ ವಯಸ್ಸಿನವರು, ನಿಜ. ಆದರೆ ಉತ್ತರ ಅಮೆರಿಕದ ಅತಿ ದೊಡ್ಡ ವೃತ್ತಿಪರ ಕೂಟವಾದ ನ್ಯಾಷನಲ್ ಹಾಕಿ ಲೀಗ್‌ಗೆ ಹೋಗುವ ಹೆದ್ದಾರಿ ಇದೇ. ಬೇರೆ ಊರಿನಿಂದ ಬಂದ ಹುಡುಗರನ್ನು ಸ್ಥಳೀಯ ಕುಟುಂಬಗಳು ಇಡೀ ಋತು ತಮ್ಮ ಮನೆಯಲ್ಲಿ ಇರಿಸಿಕೊಳ್ಳುತ್ತವೆ. ಹಿಂದೆ ನಮ್ಮಲ್ಲಿ ವಾರಾನ್ನದ ಹುಡುಗರು ಹೇಗೆ ಹಲವು ಮನೆಗಳ ಮಕ್ಕಳಾಗಿದ್ದರೋ ಹಾಗೆ ಆ ಆಟಗಾರರು ಊರಿನ ಮಕ್ಕಳಾಗಿಬಿಡುತ್ತಾರೆ. ಹಗಲು ಶಾಲೆ, ಸಂಜೆ ಅಭ್ಯಾಸ, ವಾರಾಂತ್ಯದಲ್ಲಿ ಬಸ್ಸಿನಲ್ಲಿ ಪರ ಊರು. ರಾಯಲ್ಸ್‌ನ ಹುಡುಗನೊಬ್ಬ ಮುಂದೆ ಟಿ.ವಿ.ಯಲ್ಲಿ ಕಾಣಿಸಿಕೊಂಡಾಗ ‘ಇವನು ನಮ್ಮ ಮನೆಯಲ್ಲಿ ಊಟ ಮಾಡಿದವನು’ ಎನ್ನಬಲ್ಲವರು ಆ ಊರಿನಲ್ಲಿದ್ದರು. ನಿಮ್ಮ ನೆರೆಯವರನ್ನು ಈ ಬಗ್ಗೆ ಒಮ್ಮೆ ಕೇಳಿ ನೋಡಿ.

ತಂಡ ಒಂಟಾರಿಯೊದ್ದಾದರೂ 1969ರಿಂದ ಆಡಿದ್ದು ನೆರೆಯ ಪ್ರಾಂತ್ಯದ ಕ್ವಿಬೆಕ್ ಲೀಗ್‌ನಲ್ಲಿ. ಕ್ವಿಬೆಕ್‌ನ ಮಾಂಟ್ರಿಯಲ್ ಕಾರ್ನ್‌ವಾಲ್‌ನಿಂದ ನೂರು ಕಿಲೋಮೀಟರಿಗೆ ತುಸು ಹೆಚ್ಚು, ಅಷ್ಟೇ. 1972ರಲ್ಲಿ ಮೆಮೋರಿಯಲ್ ಕಪ್ ಮೊದಲ ಬಾರಿಗೆ ಮೂರು ತಂಡಗಳ ಪಂದ್ಯಾವಳಿಯಾಗಿ ಒಟ್ಟಾವದಲ್ಲಿ ನಡೆಯಿತು. ಒರ್ವಲ್ ಟೆಸಿಯರ್ ತರಬೇತಿಯ ರಾಯಲ್ಸ್ ಫೈನಲ್‌ನಲ್ಲಿ ಪೀಟರ್‌ಬರೊ ತಂಡವನ್ನು 2–1ರಿಂದ ಮಣಿಸಿತು. ಪಂದ್ಯಾವಳಿಯ ಶ್ರೇಷ್ಠ ಆಟಗಾರನಾದವನು ಗೋಲ್‌ಕೀಪರ್ ರಿಷಾರ್ ಬ್ರೊಡೂರ್.

ನನಗೆ ಅತಿ ಪ್ರಿಯವಾದದ್ದು 1980ರ ಗೆಲುವು. ರೆಜೈನಾದಲ್ಲಿ ಫೈನಲ್, ಎದುರಾಳಿ ಮತ್ತದೇ ಪೀಟರ್‌ಬರೊ. ನಿಗದಿತ ಅವಧಿ ಮುಗಿದಾಗ 2–2. ಹೆಚ್ಚುವರಿ ಅವಧಿಯಲ್ಲಿ ಪಕ್ ಅನ್ನು (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಬಲೆಗೆ ಸೇರಿಸಿದವನು ರಾಬರ್ಟ್ ಸವಾರ್. ಆ ತಂಡದ ಮಹಾತಾರೆ ಅವನಲ್ಲ. ಆದರೆ ಕಾರ್ನ್‌ವಾಲ್‌ನ ಇತಿಹಾಸದಲ್ಲಿ ಆ ಒಂದು ಗೋಲಿಗೆ ಸಮನಾದದ್ದು ಬೇರೆ ಯಾವುದಿದೆ? ಮರುವರ್ಷ ವಿಂಡ್ಸರ್‌ನಲ್ಲಿ ಕಿಚನರ್ ತಂಡವನ್ನು 5–2ರಿಂದ ಸೋಲಿಸಿದಾಗ ಅನುಮಾನಕ್ಕೆ ಎಡೆಯೇ ಇರಲಿಲ್ಲ. ರಾಯಲ್ಸ್‌ನ ಡೇಲ್ ಹೌವರ್ಚಕ್ ಆ ಋತುವಿನ 72 ಪಂದ್ಯಗಳಲ್ಲಿ 81 ಗೋಲು ಹೊಡೆದು, 102 ಗೋಲುಗಳಿಗೆ ನೆರವಾಗಿದ್ದ. ಅವನಿಗೆ ಆಗ ಹದಿನೆಂಟೂ ತುಂಬಲು ಬಾಕಿ ಇದ್ದ ದಿನಗಳು! ತರಬೇತುದಾರ ಬಾಬ್ ಕಿಲ್ಗರ್ ಮುಂದೆ ಸಂಸದರಾದರು, ಆಮೇಲೆ ಅದೇ ಊರಿನ ಮೇಯರ್ ಕೂಡ ಆದರು. ಇನ್ನೊಂದು ಮಾತು: 1981ರ ನಂತರ ಕ್ವಿಬೆಕ್ ಲೀಗ್‌ನ ತಂಡವೊಂದು ಈ ಕಪ್ ಗೆಲ್ಲಲು 1996ರವರೆಗೆ ಕಾಯಬೇಕಾಯಿತು.

ಆ ಗೆಲುವಿನ ಬೆನ್ನಿಗೇ ರಾಯಲ್ಸ್ ಒಂಟಾರಿಯೊ ಲೀಗ್‌ಗೆ ಬಂದಿತು. ಅಲ್ಲಿ ಕಪ್ ಬರಲಿಲ್ಲ. ಆಟಗಾರರು ಮಾತ್ರ ಬರುತ್ತಲೇ ಇದ್ದರು. ನ್ಯಾಷನಲ್ ಹಾಕಿ ಲೀಗ್‌ನ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ (ಡ್ರಾಫ್ಟ್) ಓವನ್ ನೋಲನ್ 1990ರಲ್ಲಿ ಎಲ್ಲರಿಗಿಂತ ಮೊದಲಿಗ, ಹೌವರ್ಚಕ್ 1981ರಲ್ಲಿ ಆಗಿದ್ದಂತೆ.

ಹಾಗಾದರೆ ತಂಡ ಹೋದದ್ದೇಕೆ? ಇಂಥ ತಂಡ ಊರಿನ ಹೆಸರು ಹೊತ್ತಿರುತ್ತದೆಯೇ ಹೊರತು ಊರಿನ ಆಸ್ತಿಯಾಗಿರುವುದಿಲ್ಲ. ಲೀಗ್‌ನಲ್ಲಿ ಆಡುವ ಹಕ್ಕು ಮಾಲೀಕರದು. ಟಿಕೆಟ್ ಹಣ ಸಾಲದಿದ್ದರೆ ಅವರು ಹಕ್ಕನ್ನು ಬೇರೆಡೆಗೆ ಒಯ್ಯಬಹುದು. ಟೊರಾಂಟೊದ ಉತ್ತರಕ್ಕಿರುವ ನ್ಯೂಮಾರ್ಕೆಟ್‌ನಲ್ಲಿ ವೃತ್ತಿಪರ ತಂಡವೊಂದು 1991ರಲ್ಲಿ ಜಾಗ ಖಾಲಿ ಮಾಡಿತ್ತು. 1992ರಲ್ಲಿ ರಾಯಲ್ಸ್ ಅಲ್ಲಿಗೆ ಹೋಯಿತು. ಎರಡೇ ವರ್ಷ. ನಂತರ ನ್ಯಾಷನಲ್ ಹಾಕಿ ಲೀಗ್‌ನ ಆಟಗಾರ ಡೀನೊ ಸಿಚರೆಲ್ಲಿ ಮತ್ತು ಅವರ ಸಹೋದರ ಕೊಂಡು ತಮ್ಮೂರು ಸಾರ್ನಿಯಾಕ್ಕೆ ಒಯ್ದರು, ಹೆಸರು ‘ಸ್ಟಿಂಗ್’ ಆಯಿತು. ಕಾಗದದ ಲೆಕ್ಕದಲ್ಲಿ ಇವತ್ತಿನ ಸಾರ್ನಿಯಾ ತಂಡವೇ ರಾಯಲ್ಸ್‌ನ ವಾರಸುದಾರ. ಆದರೆ ಮೂರು ಕಪ್ಪುಗಳು ಕಾರ್ನ್‌ವಾಲ್‌ನವು. ಅವನ್ನು ಬೇರೆ ಊರಿನ ಖಾತೆಗೆ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಒಟ್ಟಾವದಲ್ಲಿ ಕೆಲಸದಲ್ಲಿದ್ದಾಗ ಕಾರ್ನ್‌ವಾಲ್‌ಗೆ ಹೋಗಿ, ನದಿಗೆ ಹತ್ತಿರದ ವಾಟರ್ ಸ್ಟ್ರೀಟ್‌ನ ಕ್ರೀಡಾಂಗಣದಲ್ಲಿ ಕುಳಿತು ಆಟ ನೋಡಿದ್ದೇನೆ. ಪಕ್ಕದಲ್ಲಿದ್ದವರು ಸಾರ್ನಿಯಾದ ಹೆಸರೆತ್ತಲಿಲ್ಲ; ಹೌವರ್ಚಕ್, ಗಿಲ್ಮೋರ್ ಎಂದೇ ಮಾತನಾಡಿದರು.

ಪ್ರಶ್ನೆ: ಅಲ್ಲಿರುವ ನನ್ನ ಮೊಮ್ಮಗನಿಗೆ ಎಂಟು ವರ್ಷ, ಮೈಕಟ್ಟು ಸಣ್ಣದು. ಐಸ್ ಹಾಕಿ ಸೇರುತ್ತೇನೆ ಎಂದು ಹಟ ಹಿಡಿದಿದ್ದಾನೆ. ಸೇರಿಸಬಹುದೇ?
— ಅದೇ ಓದುಗರು

ಉತ್ತರ: ಧಾರಾಳವಾಗಿ ಸೇರಿಸಿ. ಈಗಷ್ಟೇ ಹೆಸರಿಸಿದ ಡಗ್ ಗಿಲ್ಮೋರ್ ಅದೇ ಊರಿನ ತಂಡದವನು. ಸಣ್ಣ ಮೈಕಟ್ಟಿನವನೆಂದು ದೊಡ್ಡ ತಂಡಗಳು ಅವನತ್ತ ನೋಡಲಿಲ್ಲ. 1982ರ ಆಯ್ಕೆಯಲ್ಲಿ 134ನೆಯವನಾಗಿ ಉಳಿದ. ಮರುವರ್ಷ ರಾಯಲ್ಸ್ ಪರ 70 ಗೋಲು, 107 ನೆರವು. 1989ರಲ್ಲಿ ಕ್ಯಾಲ್ಗರಿ ತಂಡಕ್ಕೆ ನ್ಯಾಷನಲ್ ಹಾಕಿ ಲೀಗ್‌ನ ಸ್ಟ್ಯಾನ್ಲಿ ಕಪ್ ಗೆದ್ದುಕೊಟ್ಟ ಗೋಲು ಅವನದೇ.

ಪೆಟ್ಟಿನ ಭಯ ನಿಮಗಿದ್ದರೆ, 2013ರಿಂದ ಹನ್ನೆರಡು ಮತ್ತು ಅದಕ್ಕೂ ಕಡಿಮೆ ವಯಸ್ಸಿನ ಮಕ್ಕಳ ಪಂದ್ಯಗಳಲ್ಲಿ ಮೈಯಿಂದ ಗುದ್ದಿ ತಡೆಯುವುದನ್ನು ಹಾಕಿ ಕೆನಡಾ ನಿಷೇಧಿಸಿದೆ. ಮುಖವನ್ನು ಪೂರ್ತಿ ಮುಚ್ಚುವ ಜಾಲರಿಯ ಹೆಲ್ಮೆಟ್ ಕಡ್ಡಾಯ. ಮೊದಲು ಸ್ಕೇಟಿಂಗ್ ಚೆನ್ನಾಗಿ ಕಲಿಯಲಿ, ಕೋಲು ಆಮೇಲೆ. ಊರಿನಲ್ಲಿ ಈಗ ‘ಕೋಲ್ಟ್ಸ್’ ಎಂಬ ಜೂನಿಯರ್ ತಂಡವಿದೆ. ಮುಂದಿನ ಸಲ ಹೋದಾಗ ಮೊಮ್ಮಗನ ಜೊತೆ ನೆರೆಮನೆಯ ಆ ಹಿರಿಯರನ್ನೂ ಕರೆದುಕೊಂಡು ಹೋಗಿ ಅದರ ಪಂದ್ಯ ನೋಡಿ.