ಸಾಕ್ಷರತಾ ಸಂಸ್ಥೆ ನಿನಗೂ ಇದೆ, ತಂಗಿ

ಶಿರಸಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು, ಇಂಗ್ಲಿಷ್ ಓದಿದರೆ ತಿಳಿಯುತ್ತದೆ, ಮಾತಿಗೆ ಬಾಯಿ ಏಳುವುದಿಲ್ಲ ಎಂದು ಬರೆದಿದ್ದೀಯ. ಅಮೆರಿಕದ ಸಿರಕ್ಯೂಸಿನ ಲೈಬ್ರರಿಯವರು ಸಾಕ್ಷರತಾ ಸಂಸ್ಥೆಗೆ ಹೋಗು ಅಂದರಂತೆ. "ಅಲ್ಲಿಗೆ ಅಕ್ಷರ ಬಾರದವರು ಹೋಗುವುದಲ್ಲವಾ ಅಕ್ಕಾ?" ಎಂದು ಕೇಳಿದ್ದೀಯ. ಅಲ್ಲ ತಂಗಿ, ಧೈರ್ಯವಾಗಿ ಹೋಗು.

ನೀನು ಬಂದಿಳಿದ ಊರೇ ಈ ಕೆಲಸದ ತವರು. ಸಿರಕ್ಯೂಸಿನಲ್ಲಿ ಸರಿಯಾಗಿ ಓದಲು ಬಾರದ ವಯಸ್ಕರು 11,000ಕ್ಕೂ ಹೆಚ್ಚಿದ್ದಾರೆ ಎಂಬ ಲೆಕ್ಕ ಪತ್ರಿಕೆಯಲ್ಲಿ ಕಂಡು ದಂಗಾದ ರುತ್ ಕಾಲ್ವಿನ್, 1962ರಲ್ಲಿ ಓದು ಕಲಿಸುವ ಸ್ವಯಂಸೇವಕರ ಸಂಸ್ಥೆ ಲಿಟರಸಿ ವಾಲಂಟಿಯರ್ಸ್ ಕಟ್ಟಿದರು. ಹೊರದೇಶದಿಂದ ಬಂದವರಿಗೆ ಇಂಗ್ಲಿಷ್ ಕಲಿಸುವವರಿಗೆಂದೇ ಕೈಪಿಡಿಯನ್ನೂ ಬರೆದರು. ಓದು ಕಲಿಸುವ ಇನ್ನೊಂದು ಸಂಸ್ಥೆ, ಫ್ರಾಂಕ್ ಲಾಬಾಕ್ ಅವರದ್ದು, ಅದೂ ಇದೇ ಊರಿನದು. 1930ರ ಹೊತ್ತಿಗೆ ಫಿಲಿಪೈನ್ಸ್‌ನಲ್ಲಿ ಶುರುವಾದ ಅವರ ಪದ್ಧತಿಯಲ್ಲಿ ಅಕ್ಷರವನ್ನು ಚಿತ್ರದೊಳಗೇ ಕೂರಿಸುತ್ತಾರೆ: ಉದ್ದ ಬಾಲ, ದುಂಡು ಹೊಟ್ಟೆಯ ಹಕ್ಕಿಯೇ (ಬರ್ಡ್) 'ಬಿ'. 2002ರಲ್ಲಿ ಎರಡೂ ಸೇರಿ ಪ್ರೊಲಿಟರಸಿ ಆಯಿತು. ಕಾಲ್ವಿನ್ 2024ರಲ್ಲಿ, 107ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ದೊಡ್ಡ ಜೀವ.

ನಿನಗೆ ಹೊಂದುವುದು ಕಾಲ್ವಿನ್ ಅವರ ದಾರಿ. ನೀನು ಹೇಳಬೇಕು, ಕಲಿಸುವವರು ಬರೆಯಬೇಕು, ಆಮೇಲೆ ಅದೇ ನಿನ್ನ ಪಾಠ. ತೊಡದೇವು ಮಾಡುವುದನ್ನೇ ಹೇಳು: ಮಡಕೆ ಬೋರಲು ಹಾಕಿ ಕಾಯಿಸುತ್ತೇನೆ, ಕಬ್ಬಿನ ಹಾಲಿನ ಹಿಟ್ಟನ್ನು ಬಟ್ಟೆಯಿಂದ ಬಳಿಯುತ್ತೇನೆ. ನಾಲ್ಕೈದು ವಾಕ್ಯ ಸಾಕು. ವಿಷಯ ನಿನಗೆ ಗೊತ್ತಿರುವುದರಿಂದ ಗಮನವೆಲ್ಲ ಮಾತಿನ ಮೇಲಿರುತ್ತದೆ.

ಸೇರುವಾಗ ಮಾತು, ಓದು ಎರಡನ್ನೂ ಪರೀಕ್ಷೆ ಮಾಡಿ ಎಂದು ಕೇಳಿಕೋ. ಓದಿನ ಅಂಕ ಮಾತ್ರ ನೋಡಿದರೆ ನಿನ್ನನ್ನು ಮೇಲಿನ ತರಗತಿಗೆ ಹಾಕುತ್ತಾರೆ, ಅಲ್ಲಿ ವ್ಯಾಕರಣ ತುಂಬುತ್ತಾರೆ, ಬಾಯಿ ಮುಚ್ಚಿಯೇ ಇರುತ್ತದೆ. ಯಜಮಾನರು ಪಕ್ಕದಲ್ಲಿ ಕೂತು ಉತ್ತರ ಕೊಡುವುದು ಬೇಡ. ಸ್ವಯಂಸೇವಕರು ಕಡಿಮೆ ಇದ್ದರೆ ನಿನಗೆ ಜೋಡಿ, ಅಂದರೆ ಕಲಿಸುವವರು, ಸಿಗಲು ವಾರಗಟ್ಟಲೆ ಆಗಬಹುದು. ಅಷ್ಟರಲ್ಲಿ ಲೈಬ್ರರಿಯಲ್ಲಿ ಮಾತಿನ ಗುಂಪು ಇದ್ದರೆ ಸೇರಿಕೋ. ಚಳಿಗಾಲದಲ್ಲಿ ಹಿಮ, ಮಗುವಿನ ಜ್ವರ ಅಂತ ತರಗತಿ ಬಿಡಬೇಡ. ಬರಲಾಗದ ದಿನ ಒಂದು ಮೆಸೇಜು ಹಾಕು. ಹೇಳದೆ ತಪ್ಪಿಸಿದರೆ ಜೋಡಿಯನ್ನು ಬೇರೆಯವರಿಗೆ ಕೊಟ್ಟುಬಿಡಬಹುದು.

ಮಗು ಸಣ್ಣದಿರುವುದರಿಂದ ಕುಟುಂಬ ಸಾಕ್ಷರತಾ ತರಗತಿ ಇದೆಯೇ ಎಂದೂ ವಿಚಾರಿಸು. ಅದರಲ್ಲಿ ತಾಯಿಗೆ ಪಾಠ, ಮಗುವಿಗೆ ಪಾಠ, ಇಬ್ಬರೂ ಕೂಡಿ ಆಡುವ ಹೊತ್ತು, ಮಗುವಿನ ಬೆಳವಣಿಗೆಯ ಚರ್ಚೆ, ಸಾಮಾನ್ಯವಾಗಿ ನಾಲ್ಕೂ ಇರುತ್ತವೆ. ಮನೆಯಲ್ಲಿ ಕಥೆ ಕನ್ನಡದಲ್ಲೇ ಓದು. ಒಂದು ಭಾಷೆಯಲ್ಲಿ ಗಟ್ಟಿಯಾದ ಓದು ಇನ್ನೊಂದಕ್ಕೂ ಬರುತ್ತದೆ.

ಮಗುವನ್ನು ಶಾಲೆಗೆ ಸೇರಿಸುವಾಗ ಮನೆಭಾಷೆಯ ಫಾರ್ಮ್ ಕೊಡುತ್ತಾರೆ. ಅಲ್ಲಿ 'ಕನ್ನಡ' ಎಂದೇ ಬರೆ. ಹಿಂದಿ ಎಂದು ಬರೆದರೆ ಹಿಂದಿ ದುಭಾಷಿ ಬರುತ್ತಾರೆ. ಟೀಚರ್ ಜೊತೆ ಮಾತಾಡಲು ದುಭಾಷಿ ಕೇಳುವುದು ನಿನ್ನ ಹಕ್ಕು, ಖರ್ಚು ಶಾಲೆಯದು.